ಕ್ರೇಮರ್ ಅವರ ಕ್ರಮದಲ್ಲಿ ಸುಮೇರಿಯನ್ ಕೃತಿಯೊಂದನ್ನು ಓದಿದ ಬಗೆ: ನನ್ನ ಅನುಭವ

ಇಂದಿನ ಇರಾಕಿನ ದಕ್ಷಿಣ ಭಾಗದ ಪುರಾತನ ಭಾಷೆಯಾದ ಸುಮೇರಿಯನ್ನಿನ ಸಾಹಿತ್ಯವೆಂದು ಇಂದು ನಾವು ಓದುವ ಪುರಾಣಕಥೆ, ವೀರಗಾಥೆ, ದೇವಸ್ತುತಿ ಮತ್ತು ಶೋಕಗೀತೆಗಳಲ್ಲಿ ದೊಡ್ಡದೊಂದು ಪಾಲು ಅಮೆರಿಕದ ವಿದ್ವಾಂಸ ಸ್ಯಾಮ್ಯುಯೆಲ್ ನೋವಾ ಕ್ರೇಮರ್ ಅವರ ಕೈಯಿಂದ ಹಾದು ಬಂದಿದೆ. ಹಳಗನ್ನಡದ ಓಲೆಗರಿ ಪ್ರತಿಗಳ ಸಂಪಾದನೆಯಲ್ಲಿ ಬಹುಕಾಲ ತೊಡಗಿಕೊಂಡಿದ್ದ ನಾನು ನಿವೃತ್ತಿಯ ನಂತರ, ಹಸಿ ಮಣ್ಣಿನ ಫಲಕಗಳ ಮೇಲೆ ಬೆಣೆಯಾಕಾರದ ಗುರುತುಗಳನ್ನು ಒತ್ತಿ ಆ ಭಾಷೆಯನ್ನು ಬರೆಯುತ್ತಿದ್ದ ಬೆಣೆಲಿಪಿಯನ್ನು ಕಲಿತು, ಅವರು 1949ರಲ್ಲಿ ಸಂಪಾದಿಸಿ ಪ್ರಕಟಿಸಿದ, ಶಾಲೆಗೆ ಹೋಗುವ ಹುಡುಗನೊಬ್ಬನ ದಿನಚರಿಯನ್ನು ಹೇಳುವ ಸುಮಾರು 90 ಸಾಲುಗಳ ಕೃತಿಯನ್ನು ಮೂಲದಿಂದಲೇ ಕನ್ನಡಕ್ಕೆ ತಂದೆ. ಆ ಕೆಲಸ ಹೇಗೆ ನಡೆಯಿತು, ಕ್ರೇಮರ್ ಅವರ ಬದುಕು ಮತ್ತು ಕ್ರಮ ಅದರಲ್ಲಿ ನನಗೆ ಹೇಗೆ ಒದಗಿ ಬಂದವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕ್ರೇಮರ್ ಹುಟ್ಟಿದ್ದು 1897ರಲ್ಲಿ, ಇಂದಿನ ಉಕ್ರೇನಿನ ಕೀವ್ ಸೀಮೆಯ ಯೆಹೂದಿ ಕುಟುಂಬದಲ್ಲಿ. ಆಗ ಆ ಪ್ರದೇಶ ರಷ್ಯಾದ ಚಕ್ರಾಧಿಪತ್ಯಕ್ಕೆ ಸೇರಿತ್ತು. ಯೆಹೂದಿಗಳ ಮೇಲೆ ಹಿಂಸೆ ನಡೆಯುತ್ತಿದ್ದ ಆ ದಿನಗಳಲ್ಲಿ ಅವರ ಕುಟುಂಬ ಅಮೆರಿಕೆಗೆ ವಲಸೆ ಹೋಗಿ ಫಿಲಡೆಲ್ಫಿಯಾದಲ್ಲಿ ನೆಲೆಸಿತು. ತಂದೆ ಅಲ್ಲಿ ಹೀಬ್ರೂ ಕಲಿಸುವ ಶಾಲೆಯೊಂದನ್ನು ತೆರೆದರು. ಕ್ರೇಮರ್ ಅವರಿಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ದೊರೆತದ್ದು 1929ರಲ್ಲಿ, ಮೂವತ್ತು ದಾಟಿದ ಮೇಲೆ. ಮರುವರ್ಷ ಇರಾಕಿನ ಉತ್ಖನನಗಳಲ್ಲಿ ಪಾಲ್ಗೊಂಡು, 1932ರಲ್ಲಿ ಶಿಕಾಗೋದ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಸೇರಿದರು. ಸುಮೇರಿಯನ್ ವ್ಯಾಕರಣವನ್ನು ಗಟ್ಟಿ ನೆಲೆಯ ಮೇಲೆ ನಿಲ್ಲಿಸಿದ ಆರ್ನೋ ಪೋಬೆಲ್ ಅಲ್ಲಿ ಅವರಿಗೆ ಗುರುಗಳಾದರು. 1933ರಲ್ಲಿ ಎಡ್ವರ್ಡ್ ಕಿಯೆರಾ ತೀರಿಕೊಂಡಾಗ, ಅವರು ಇರಾಕಿನ ಪ್ರಾಚೀನ ಸುಮೇರಿಯನ್ ನಗರವಾದ ನಿಪ್ಪೂರಿನ ಸಾಹಿತ್ಯ ಫಲಕಗಳಿಂದ ಬರೆದಿಟ್ಟಿದ್ದ ರೇಖಾಪ್ರತಿಗಳನ್ನು ಅಚ್ಚಿಗೆ ಸಿದ್ಧಪಡಿಸುವ ಹೊಣೆ ಕ್ರೇಮರ್ ಅವರ ಪಾಲಿಗೆ ಬಂತು. ಇನ್ನೊಬ್ಬ ವಿದ್ವಾಂಸನ ಅರ್ಧ ಉಳಿದ ಕೆಲಸವನ್ನು ಮುಗಿಸಿಕೊಡುವುದರಿಂದ ಆರಂಭವಾದ ಈ ಅಧ್ಯಯನ, 1990ರಲ್ಲಿ ಅವರು ತೀರಿಕೊಳ್ಳುವವರೆಗೂ ಜೀವನದ ಮುಖ್ಯ ಕಾಯಕವಾಗಿ ಉಳಿಯಿತು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು 1889ರಿಂದ 1900ರವರೆಗೆ ನಿಪ್ಪೂರಿನಲ್ಲಿ ನಡೆಸಿದ ಉತ್ಖನನಗಳಲ್ಲಿ ದೊರೆತ ಫಲಕಗಳು ಒಂದೇ ಕಡೆ ಉಳಿಯಲಿಲ್ಲ. ಇಸ್ತಾಂಬುಲ್ ಮತ್ತು ಫಿಲಡೆಲ್ಫಿಯಾ ನಡುವೆ ಅವು ಹಂಚಿಹೋದವು. ಒಂದು ಭಾಗ ಜರ್ಮನಿಯ ಯೇನಾ ಸೇರಿತು. ಹೀಗಾಗಿ ಒಂದೇ ಕವಿತೆಯ ಮೊದಲ ಸಾಲುಗಳು ಒಂದು ಖಂಡದಲ್ಲಿ, ಮುಂದಿನ ಸಾಲುಗಳು ಇನ್ನೊಂದು ಖಂಡದಲ್ಲಿ ಉಳಿದುಬಿಟ್ಟವು. ಇನಾನ್ನಾ ದೇವಿ ಪಾತಾಳಕ್ಕಿಳಿಯುವ ಕಥೆಯ ಒಂದು ಫಲಕದ ಮೇಲಿನ ಅರ್ಧ ಇಸ್ತಾಂಬುಲಿನಲ್ಲಿ, ಕೆಳಗಿನ ಅರ್ಧ ಫಿಲಡೆಲ್ಫಿಯಾದಲ್ಲಿ ಸಿಕ್ಕಿತು. 1937ರಲ್ಲಿ ಗುಗನ್‌ಹೈಮ್ ಫೆಲೋಶಿಪ್ ಪಡೆದು ಇಸ್ತಾಂಬುಲಿಗೆ ಹೋದ ಕ್ರೇಮರ್ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಕುಳಿತು ಸುಮಾರು 170 ಸಾಹಿತ್ಯ ಫಲಕ ಹಾಗೂ ಚೂರುಗಳನ್ನು ಕೈಯಿಂದ ನಕಲು ಮಾಡಿದರು. 1956ರಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಕದಿಂದ ಅವರು ಜಗತ್ತಿಗೆಲ್ಲ ಪರಿಚಿತರಾದರು ಎಂಬುದು ನಿಜ. ಆದರೆ ಜಗತ್ತಿನ ಮೊದಲ ಶಾಲೆ, ಮೊದಲ ಗಾದೆ ಎಂದು ಮೊದಲುಗಳನ್ನು ಎಣಿಸುತ್ತ ಸಾಗುವ ಆ ಬರಹಕ್ಕಿಂತ, ಸದ್ದಿಲ್ಲದೆ ಮಾಡಿದ ಈ ನಕಲುಗಳನ್ನೇ ನಾನು ಹೆಚ್ಚಿನ ಸಾಧನೆಯೆಂದು ಎಣಿಸುತ್ತೇನೆ.

ನಾನು ಕಲಿಕೆಯನ್ನು ಆರಂಭಿಸಿದ್ದೂ ನಕಲು ಮಾಡುವುದರಿಂದಲೇ. ಫಲಕಗಳ ಛಾಯಾಚಿತ್ರಗಳನ್ನು ಅಂತರಜಾಲದಲ್ಲಿ ಒದಗಿಸುವ ಕ್ಯೂನಿಫಾರ್ಮ್ ಡಿಜಿಟಲ್ ಲೈಬ್ರರಿಯಿಂದ ಚಿತ್ರಗಳನ್ನು ಇಳಿಸಿಕೊಂಡು, ದೊಡ್ಡದಾಗಿ ಮುದ್ರಿಸಿ, ಮೊದಲು ತೆಳು ಕಾಗದವಿಟ್ಟು ತಿದ್ದಿದೆ, ಆಮೇಲೆ ನೋಡಿಕೊಂಡು ಬರೆದೆ. ಬೆಣೆಯ ಗುರುತು ಗೀಚಿದ್ದಲ್ಲ, ಒತ್ತಿದ್ದು. ಆದ್ದರಿಂದ ಎಡಮೇಲಿನಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಮಾತ್ರ ಅದರ ತಲೆ ಮತ್ತು ಬಾಲ ಬೇರೆಬೇರೆಯಾಗಿ ಕಾಣುತ್ತವೆ. ಇದು ಮನದಟ್ಟಾಗಬೇಕಾದರೆ ಮಣ್ಣಿನಲ್ಲಿ ಬರೆದೇ ನೋಡಬೇಕು. ಗಣಪತಿ ಮಾಡುವವರ ಬಳಿಯಿಂದ ನಯವಾದ ಜೇಡಿಮಣ್ಣನ್ನು ತಂದು, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಫಲಕಗಳನ್ನು ತಟ್ಟಿ, ಜೊಂಡಿನ ಕಡ್ಡಿಯ ಮೂಲೆಯನ್ನು ಒತ್ತಿ ಬರೆಯುವ ಅಭ್ಯಾಸ ಮಾಡಿದೆ. ಯಾವ ಬೆಣೆಯ ಮೇಲೆ ಯಾವುದು ಬಿದ್ದಿದೆ, ಲಿಪಿಕಾರ ಮೊದಲು ಒತ್ತಿದ್ದು ಅಡ್ಡಗೆರೆಯನ್ನೋ ನಿಲುಗೆರೆಯನ್ನೋ ಎಂಬುದು ಆಗ ಕಣ್ಣಿಗೆ ತಾನಾಗಿ ಗೋಚರಿಸತೊಡಗಿತು. ಫಲಕವನ್ನು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚುವುದಿಲ್ಲ. ಕೆಳಗಿನ ಅಂಚನ್ನು ಮೇಲಕ್ಕೆ ತಂದು ತಿರುಗಿಸುತ್ತಾರೆ. ಹಲವು ಅಂಕಣಗಳಿದ್ದರೆ ಮುಂಬದಿಯಲ್ಲಿ ಅವು ಎಡದಿಂದ ಬಲಕ್ಕೆ, ಹಿಂಬದಿಯಲ್ಲಿ ಬಲದಿಂದ ಎಡಕ್ಕೆ ಸಾಗುತ್ತವೆ.

ಶಾಲೆಯ ಅಭ್ಯಾಸಫಲಕಗಳನ್ನು ನೋಡುವುದು ನನಗೆ ಬಹಳ ಹಿಡಿಸಿದ ಕೆಲಸ. ಇಂಥ ಒಂದು ಬಗೆಯ ಫಲಕದ ಎಡಭಾಗದಲ್ಲಿ ಗುರು ಬರೆದ ಮೇಲ್ಪಂಕ್ತಿ ಇರುತ್ತದೆ, ಬಲಭಾಗದಲ್ಲಿ ಶಿಷ್ಯನ ನಕಲು. ಶಿಷ್ಯ ಬರೆದು ಅಳಿಸಿ ಮತ್ತೆ ಬರೆದು ಮಾಡುವುದರಿಂದ ಆ ಬದಿಯ ಮಣ್ಣು ಸವೆದು ತೆಳ್ಳಗಾಗಿರುತ್ತದೆ. ನಿಪ್ಪೂರಿನಲ್ಲಿ 1951-52ರಲ್ಲಿ ಅಗೆದ, ವಿದ್ವಾಂಸರು ‘ಎಫ್ ಮನೆ’ ಎಂದು ಕರೆಯುವ ಚಿಕ್ಕ ಮನೆಯೊಂದರಲ್ಲೇ ಸುಮಾರು 1,400 ಫಲಕಗಳು ಮತ್ತು ಚೂರುಗಳು ಸಿಕ್ಕಿವೆ. ಅವು ಕ್ರಿಸ್ತಪೂರ್ವ 18ನೆಯ ಶತಮಾನದವು. ಆ ಹೊತ್ತಿಗೆ ಸುಮೇರಿಯನ್ ಮನೆಮಾತಾಗಿ ಉಳಿದಿರಲಿಲ್ಲ. ಮನೆಯಲ್ಲಿ ಅಕ್ಕಾಡಿಯನ್ ಆಡುತ್ತಿದ್ದ ಹುಡುಗರು ಶಾಲೆಯಲ್ಲಿ ಸುಮೇರಿಯನ್ ಕಲಿಯುತ್ತಿದ್ದರು. ಸುಮೇರಿಯನ್ ಸಾಹಿತ್ಯದ ಬಹುಪಾಲು ನಮಗೆ ತಲುಪಿರುವುದು ಇಂಥ ಕಲಿಯುವ ಹುಡುಗರ ಕೈಬರಹದಲ್ಲಿ. ಆದ್ದರಿಂದಲೇ ಒಂದು ಕೃತಿಗೆ ಹತ್ತಾರು ಪ್ರತಿಗಳಿರುತ್ತವೆ, ಒಂದೊಂದರಲ್ಲಿ ಒಂದೊಂದು ಪಾಠ, ಅಂದರೆ ಕೃತಿಯ ಪದರೂಪ, ಇರುತ್ತದೆ.

ನನ್ನ ಹಳೆಯ ತರಬೇತಿ ನೆರವಿಗೆ ಬಂದದ್ದು ಈ ಹಂತದಲ್ಲಿ. ಪ್ರತಿಯೊಂದು ಸಾಲನ್ನೂ ಒಂದು ಹಾಳೆಯ ತಲೆಯಲ್ಲಿ ಬರೆದುಕೊಂಡು, ಕೆಳಗೆ ಪ್ರತಿಪ್ರತಿಯಲ್ಲೂ ಆ ಸಾಲು ಹೇಗಿದೆಯೆಂದು ಒಂದರ ಕೆಳಗೊಂದು ಜೋಡಿಸುತ್ತ ಹೋದೆ. ಒಡೆದ ಕಡೆ ಚೌಕ ಕಂಸ, ಸಂದೇಹವಿದ್ದ ಕಡೆ ಪ್ರಶ್ನೆಯ ಗುರುತು. ಓಲೆಗರಿಯ ಪಾಠಾಂತರಗಳಲ್ಲಿ ಅಕ್ಷರಲೋಪ, ಸಾಲುಲೋಪಗಳನ್ನು ಹುಡುಕುವಂತೆಯೇ ಇಲ್ಲಿಯೂ ಹುಡುಕಬಹುದು. ಒಂದು ಮುಖ್ಯ ವ್ಯತ್ಯಾಸವಿದೆ: ಇಲ್ಲಿ ಪ್ರತಿಗಳು ಒಂದರಿಂದೊಂದು ಹುಟ್ಟಿದವೆಂದು ವಂಶವೃಕ್ಷ ಬರೆಯುವುದು ಬಹಳ ಕಷ್ಟ, ಏಕೆಂದರೆ ಅನೇಕ ಹುಡುಗರು ಬಾಯಿಪಾಠ ಮಾಡಿದ್ದನ್ನು ನೆನಪಿನಿಂದ ಬರೆದಂತೆ ತೋರುತ್ತದೆ. ಯಾವುದೋ ಒಂದು ಪ್ರತಿಯನ್ನು ಶುದ್ಧವೆಂದು ಪಟ್ಟಕ್ಕೇರಿಸದೆ ಎಲ್ಲವನ್ನೂ ಓದುಗನ ಮುಂದಿಡುವುದೇ ಸರಿಯೆಂಬುದು ನನ್ನ ನಿಲುವು.

ಕೃತಿಯ ಮೊದಲಲ್ಲಿ, ಇಷ್ಟು ದಿನ ಎಲ್ಲಿಗೆ ಹೋಗುತ್ತಿದ್ದೆ ಎಂದು ಹುಡುಗನನ್ನು ಕೇಳುತ್ತಾರೆ. ಫಲಕದ ಮನೆಗೆ, ಅಂದರೆ ಶಾಲೆಗೆ, ಹೋಗುತ್ತಿದ್ದೆ ಎಂದು ಅವನು ಉತ್ತರಿಸುತ್ತಾನೆ. ಪ್ರಶ್ನೆಯಲ್ಲೂ ಉತ್ತರದಲ್ಲೂ ಕ್ರಿಯಾಪದದ ರೂಪ ಒಂದೇ, ಏಕೆಂದರೆ ಈ ಕ್ರಿಯಾಕಾಲದಲ್ಲಿ ‘ನಾನು’ ಮತ್ತು ‘ನೀನು’ ಎರಡಕ್ಕೂ ಸುಮೇರಿಯನ್ನಿನಲ್ಲಿ ಒಂದೇ ಪ್ರತ್ಯಯ. ಅಲ್ಲಿ ‘ಹೋಗು’ ಎಂದು ಓದುವ ಚಿಹ್ನೆಯೇ ಕೆಲವು ಪದಗಳ ನಂತರ ಊಟಕ್ಕೆ ಇರುವ ಪದದೊಳಗೆ ಬೇರೆ ಉಚ್ಚಾರಣೆಯಿಂದ ಮತ್ತೆ ಬರುತ್ತದೆ. ಅದರ ಪಕ್ಕದಲ್ಲಿರುವ ಚಿಹ್ನೆಯನ್ನು ಸಂದರ್ಭ ನೋಡಿ ಬಾಯಿ, ಹಲ್ಲು, ಮೂಗು, ಮಾತು ಎಂದೆಲ್ಲ ಓದಬೇಕಾಗುತ್ತದೆ. ಪಟ್ಟಿಯಿಂದ ಚಿಹ್ನೆಗಳನ್ನು ಉರುಹೊಡೆದವರು ಈ ಸಾಲಿನಲ್ಲಿ ನಿಂತುಬಿಡುತ್ತಾರೆ. ಸಾಲುಗಳನ್ನೇ ಬರೆದು ಬರೆದು ಕಲಿತವರಿಗೆ ಚಿಹ್ನೆಗಳು ಜೊತೆಜೊತೆಯಾಗಿ ನೆನಪಿಗೆ ಬರುತ್ತವೆ.

ಮುಂದಿನ ಸಾಲುಗಳು ಚುಟುಕಾಗಿವೆ: ಹುಡುಗ ತನ್ನ ಫಲಕ ಓದಿದ, ಊಟ ಮಾಡಿದ, ಹೊಸ ಫಲಕ ತಟ್ಟಿದ, ಬರೆದ, ಮುಗಿಸಿದ. ಮಾರನೆಯ ದಿನ ಅಮ್ಮ ಎರಡು ರೊಟ್ಟಿ ಕೊಟ್ಟು ಕಳಿಸುತ್ತಾಳೆ. ಆಮೇಲೆ ಪೆಟ್ಟುಗಳ ಸರಮಾಲೆ: ಮಾತಾಡಿದ್ದಕ್ಕೆ, ಎದ್ದು ನಿಂತದ್ದಕ್ಕೆ, ಬಾಗಿಲು ದಾಟಿದ್ದಕ್ಕೆ, ಸುಮೇರಿಯನ್ ಆಡದೆ ಇದ್ದದ್ದಕ್ಕೆ, ಅಕ್ಷರ ದುಂಡಗಿಲ್ಲದ್ದಕ್ಕೆ. ಕೊನೆಗೆ ಹುಡುಗನ ಮಾತಿನಂತೆ ತಂದೆ ಗುರುವನ್ನು ಮನೆಗೆ ಕರೆದು, ಉಪಚರಿಸಿ, ಹೊಸ ಬಟ್ಟೆ ಉಡಿಸಿ, ಬೆರಳಿಗೆ ಉಂಗುರ ತೊಡಿಸುತ್ತಾನೆ. ಗುರು ಹುಡುಗನನ್ನು ಬಾಯಿತುಂಬ ಹೊಗಳುತ್ತಾನೆ. ಪೆಟ್ಟುಗಳ ಭಾಗವನ್ನು ಕನ್ನಡಕ್ಕೆ ತರುವಾಗ ಮೂಲದ ಮರುಕಳಿಕೆಯನ್ನು ಬಿಡಬಾರದೆಂದು ನಿರ್ಧರಿಸಿ, ‘ಎಂದು ನನ್ನನ್ನು ಹೊಡೆದ’ ಎಂಬುದನ್ನು ಪ್ರತಿ ಸಾಲಿನ ಕೊನೆಯಲ್ಲೂ ಉಳಿಸಿಕೊಂಡೆ. ಕ್ರಿಯಾಪದ ಕೊನೆಗೆ ಬರುವ ನಮ್ಮ ವಾಕ್ಯರಚನೆಗೆ ಅದು ಸಲೀಸಾಗಿ ಒಗ್ಗಿತು.

ಈ ಹೋಲಿಕೆಯನ್ನು ಕಂಡವರು ಸುಮೇರಿಯನ್ ದ್ರಾವಿಡ ಭಾಷೆಯೇ ಎಂದು ನನ್ನನ್ನು ಕೇಳುವುದುಂಟು. ಪ್ರತ್ಯಯಗಳನ್ನು ಒಂದಕ್ಕೊಂದು ಅಂಟಿಸುವ ಗುಣ ಎರಡರಲ್ಲೂ ಇದೆ, ಅಷ್ಟೆ. ಆ ಗುಣ ತುರ್ಕಿಯಲ್ಲೂ ಬಾಸ್ಕ್ ಭಾಷೆಯಲ್ಲೂ ಇದೆ. ‘ರಾಜನ ಮನೆಯಲ್ಲಿ’ ಎನ್ನುವುದನ್ನು ಸುಮೇರಿಯನ್ನಿನಲ್ಲಿ ‘ಮನೆ ರಾಜ’ ಎಂದು ಹೇಳಿ ಷಷ್ಠಿ, ಸಪ್ತಮಿ ಎರಡೂ ಪ್ರತ್ಯಯಗಳನ್ನು ಕೊನೆಗೆ ಪೇರಿಸುತ್ತಾರೆ. ಭಾಷಾವಿಜ್ಞಾನಿಗಳು ಅದನ್ನು ಬೇರಾವ ಭಾಷೆಯೊಂದಿಗೂ ನಂಟು ಸಿದ್ಧವಾಗದ ಒಂಟಿ ಭಾಷೆಯೆಂದೇ ಪರಿಗಣಿಸುತ್ತಾರೆ. ನಾನು ಓದಿದ್ದರಲ್ಲಿ ಅದನ್ನು ಅಲುಗಿಸುವಂಥದ್ದೇನೂ ಕಾಣಲಿಲ್ಲ.

ಕ್ರೇಮರ್ ಅವರಲ್ಲಿ ನಾನು ಮುಖ್ಯವಾಗಿ ಗೌರವಿಸುವುದು ತಮ್ಮದೇ ಪಾಠವನ್ನು ಮತ್ತೆ ಮತ್ತೆ ತಿದ್ದಿದ ಅವರ ನಿಷ್ಠೆಯನ್ನು. ಇನಾನ್ನಾ ಪಾತಾಳಕ್ಕಿಳಿಯುವ ಕಥೆಯನ್ನು 1937ರಲ್ಲಿ ಪ್ರಕಟಿಸಿದ ಅವರು, ಹೊಸ ಚೂರುಗಳು ಸಿಕ್ಕಂತೆಲ್ಲ ಅದನ್ನು ಪರಿಷ್ಕರಿಸಿ 1951ರಲ್ಲಿ ಮತ್ತೊಮ್ಮೆ ಹೊರತಂದರು. ದೇವಿ ತನ್ನ ಗಂಡ ದುಮುಜಿಯನ್ನು ಬಿಡಿಸಿ ತರಲೆಂದೇ ಪಾತಾಳಕ್ಕೆ ಹೋದಳೆಂದು ವಿದ್ವಾಂಸರು ಅಲ್ಲಿಯವರೆಗೆ ನಂಬಿದ್ದರು. ಯೇಲ್ ವಿಶ್ವವಿದ್ಯಾಲಯದ ಸಂಗ್ರಹದ ಫಲಕವೊಂದು ಕಥೆಯ ಮುಂದಿನ ಭಾಗವನ್ನು ತೋರಿಸಿದಾಗ, ದುಮುಜಿಯನ್ನು ಪಾತಾಳದ ದೂತರ ಕೈಗೆ ಒಪ್ಪಿಸಿದವಳು ಇನಾನ್ನಾಳೇ ಎಂದು ತಿಳಿಯಿತು. ಕಥೆಯ ಅರ್ಥವೇ ತಲೆಕೆಳಗಾಯಿತು. ಈ ಪ್ರಸಂಗವನ್ನು ಓದಿದ ಮೇಲೆ ನನ್ನ ಅನುವಾದದಲ್ಲಿ ಫಲಕ ಒಡೆದ ಜಾಗಗಳನ್ನು ಊಹೆಯಿಂದ ತುಂಬದೆ ಖಾಲಿಯಾಗಿಯೇ ಬಿಟ್ಟಿದ್ದೇನೆ.

ಹೊಸದಾಗಿ ತೊಡಗುವವರು ಜೆರೆಮಿ ಬ್ಲ್ಯಾಕ್ ಅವರು ಆಕ್ಸ್‌ಫರ್ಡಿನಲ್ಲಿ ಕಟ್ಟಿದ ಸುಮೇರಿಯನ್ ಸಾಹಿತ್ಯದ ವಿದ್ಯುನ್ಮಾನ ಸಂಗ್ರಹದಿಂದ ಆರಂಭಿಸುವುದು ಒಳ್ಳೆಯದು. ಸುಮಾರು 400 ಕೃತಿಗಳ ಪಟ್ಟಿಯಲ್ಲಿ ಬಹುಪಾಲಿಗೆ ಲಿಪ್ಯಂತರ ಮತ್ತು ಇಂಗ್ಲಿಷ್ ಅನುವಾದ ಅಲ್ಲಿ ಉಚಿತವಾಗಿ ದೊರೆಯುತ್ತವೆ. ಪಕ್ಕದಲ್ಲಿ ಪೆನ್ಸಿಲ್ವೇನಿಯಾದ ಅಂತರಜಾಲ ನಿಘಂಟನ್ನು ತೆರೆದಿಟ್ಟುಕೊಂಡರೆ ಸಾಕು. ಗುದ್ದಲಿಗೂ ನೇಗಿಲಿಗೂ ನಡೆಯುವ ವಾಗ್ವಾದವನ್ನು ನಾನು ಈಗ ಕೈಗೆತ್ತಿಕೊಂಡಿದ್ದೇನೆ. ನಿನ್ನ ದುಡಿಮೆ ನಾಲ್ಕು ತಿಂಗಳು, ನನ್ನದು ಹನ್ನೆರಡು ತಿಂಗಳು ಎಂದು ಗುದ್ದಲಿ ನೇಗಿಲಿಗೆ ಹೇಳುವ ಭಾಗದವರೆಗೆ ಕನ್ನಡದ ಪಾಠ ಸಿದ್ಧವಾಗಿದೆ.