ಹಳ್ಳಿಗಾಡಿನ ಕೌಂಟಿಯ ಮನೆ ಆದಾಯ: ಗ್ರಾಫ್ ಎಳೆಯುವ ಮುಂಚೆ

ಡೇಟಾ ಅನಲಿಟಿಕ್ಸ್ ಕಲಿಯುವವರಿಗೆ ಅಮೆರಿಕದ ಸೆನ್ಸಸ್ ಬ್ಯೂರೋ (ಅಲ್ಲಿನ ಜನಗಣತಿ ಇಲಾಖೆ) ಅಂದರೆ ಅಚ್ಚುಮೆಚ್ಚು. ಅಂಕಿಅಂಶ ಪುಕ್ಕಟೆ, ಅಚ್ಚುಕಟ್ಟು. ಒಂದು ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಆರಿಸಿ, ವರ್ಷವರ್ಷದ ಮನೆ ಆದಾಯ ಇಳಿಸಿಕೊಂಡು, ಎಕ್ಸೆಲ್‌ನಲ್ಲಿ ಗೆರೆ ಎಳೆದರೆ ಪ್ರಾಜೆಕ್ಟ್ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ದೊಡ್ಡ ಕೌಂಟಿಗಾದರೆ ಹೇಗೋ ನಡೆದೀತು. ಚಿಕ್ಕ ಕೌಂಟಿಯಲ್ಲಿ ಆ ಗೆರೆ ಮೇಲೆ ಕೆಳಗೆ ಕುಣಿಯುತ್ತದೆ, ಕುಣಿತಕ್ಕೆಲ್ಲ ಇವರು ಒಂದೊಂದು ಕಾರಣ ಹೊಸೆಯುತ್ತಾರೆ.

ಉದಾಹರಣೆಗೆ ವೆಸ್ಟ್ ವರ್ಜೀನಿಯಾದ ಮ್ಯಾಕ್‌ಡೊವೆಲ್ ಕೌಂಟಿ ಇಟ್ಟುಕೊಳ್ಳೋಣ. ಕಲ್ಲಿದ್ದಲಿನ ಸೀಮೆ. 1950ರಲ್ಲಿ 98,887 ಜನ ಇದ್ದರು, 2020ರಲ್ಲಿ ಉಳಿದವರು 19,111.

ಹಂತ 1: ಬೇಕಾದದ್ದು ಮಧ್ಯಾಂಕ (ಮನೆಗಳನ್ನು ಆದಾಯದ ಸಾಲಿನಲ್ಲಿ ನಿಲ್ಲಿಸಿದರೆ ನಟ್ಟನಡುವಿನ ಮನೆಯ ಆದಾಯ), ಸರಾಸರಿ ಅಲ್ಲ. ಮನೆಯ ಆದಾಯ, ಕುಟುಂಬದ್ದಲ್ಲ. ಒಬ್ಬರೇ ಇರುವ ಮನೆ ಕುಟುಂಬದ ಲೆಕ್ಕಕ್ಕೆ ಬರುವುದಿಲ್ಲ. ಈ ಕೌಂಟಿಯಲ್ಲಿ ಫೆಡರಲ್ ಜೈಲೂ ಇದೆ. ಕೈದಿಗಳು ಜನಸಂಖ್ಯೆಯಲ್ಲಿ ಸೇರುತ್ತಾರೆ, ಮನೆಗಳ ಲೆಕ್ಕದಲ್ಲಿ ಸೇರುವುದಿಲ್ಲ.

ಹಂತ 2: ಬ್ಯೂರೋ ನಡೆಸುವ ಅಮೆರಿಕನ್ ಕಮ್ಯುನಿಟಿ ಸರ್ವೇಯಲ್ಲಿ ಮನೆ ಆದಾಯದ ಮಧ್ಯಾಂಕ ಇರುವ ಬಿ19013 ಎಂಬ ಕೋಷ್ಟಕ ಇಳಿಸಿಕೊಳ್ಳಿ. ಹಳೆಯ ಕಾಲಕ್ಕೆ 1990 ಮತ್ತು 2000ರ ಜನಗಣತಿ ಇದೆ. ಆಗ ಕೇಳಿದ್ದು ಹಿಂದಿನ ವರ್ಷದ ಆದಾಯ. ಹಾಗಾಗಿ ಆ ಚುಕ್ಕೆಗಳನ್ನು 1989 ಮತ್ತು 1999ರ ಮೇಲೆ ಇಡಿ.

ಹಂತ 3: ಎಲ್ಲರೂ ಎಡವುವುದು ಇಲ್ಲೇ. ಒಂದೇ ವರ್ಷದ ಅಂದಾಜು ಸಿಗುವುದು 65,000 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆಗೆ ಮಾತ್ರ. ಚಿಕ್ಕ ಕೌಂಟಿಗೆ ಐದು ವರ್ಷದ ಉತ್ತರಗಳನ್ನು ಒಟ್ಟು ಮಾಡಿ ಒಂದು ಸಂಖ್ಯೆ ಕೊಡುತ್ತಾರೆ. ‘2015–19’ ಅಂದರೆ 2019 ಅಲ್ಲ. ಸರ್ವೇ ಪ್ರತಿ ತಿಂಗಳೂ ನಡೆಯುತ್ತದೆ, ಕೇಳುವುದು ‘ಕಳೆದ 12 ತಿಂಗಳ’ ಆದಾಯ. 2015ರ ಜನವರಿಯಲ್ಲಿ ಉತ್ತರಿಸಿದವರು ಹೇಳಿದ್ದು 2014ರ ಕಥೆ.

ಈಗ 2014–18ನ್ನು 2015–19ರ ಪಕ್ಕ ಇಡಿ. ನಾಲ್ಕು ವರ್ಷದ ಉತ್ತರಗಳು ಎರಡರಲ್ಲೂ ಅವೇ. ಆಚೆ ಹೋದದ್ದು ಒಂದು ವರ್ಷ, ಒಳಗೆ ಬಂದದ್ದು ಒಂದು ವರ್ಷ. ಅದನ್ನು ‘ಒಂದೇ ವರ್ಷದಲ್ಲಿ ಆದಾಯ ಏರಿತು’ ಅಂತ ಬರೆದರೆ ತಪ್ಪು. ಒಂದರ ಮೇಲೊಂದು ಬೀಳದ ಅವಧಿಗಳನ್ನೇ ಆರಿಸಿ: 2005–09, 2010–14, 2015–19. ಬರೀ ಮೂರು ಚುಕ್ಕೆಯಾ ಅಂತ ಮುಖ ಸಣ್ಣ ಮಾಡಬೇಡಿ. ಮೂರೇ ಸಾಕು. ಅವುಗಳ ನಡುವೆ ಗೆರೆಯನ್ನೂ ಎಳೆಯಬೇಡಿ ಅನ್ನುವವನು ನಾನು.

ಹಂತ 4: ಡಾಲರನ್ನು ಒಂದೇ ವರ್ಷದ ಬೆಲೆಗೆ ತನ್ನಿ. 2005–09ರ ಸಂಖ್ಯೆ 2009ರ ಡಾಲರಿನಲ್ಲಿರುತ್ತದೆ, 2015–19ರದ್ದು 2019ರ ಡಾಲರಿನಲ್ಲಿ. ಗ್ರಾಹಕ ಬೆಲೆ ಸೂಚ್ಯಂಕ 2009ರಲ್ಲಿ 214.5, 2019ರಲ್ಲಿ 255.7. ಹಳೆಯದನ್ನು 1.19ರಿಂದ ಗುಣಿಸಿದರೆ ಆಯಿತು.

ಹಂತ 5: ಪ್ರತಿ ಸಂಖ್ಯೆಯ ಪಕ್ಕ ‘ಮಾರ್ಜಿನ್ ಆಫ್ ಎರರ್’ ಎಂಬ ಕಾಲಂ ಇರುತ್ತದೆ. ಹೆಚ್ಚು-ಕಡಿಮೆ ಎಷ್ಟು ಅಂತ ಹೇಳುವ ಕಾಲಂ ಅದು. ಬಹಳ ಜನ ಮೊದಲು ಡಿಲೀಟ್ ಮಾಡುವುದೂ ಅದನ್ನೇ! ಲೆಕ್ಕ ತೋರಿಸಲು ಕಲ್ಪಿತ ಸಂಖ್ಯೆ ಹಿಡಿಯುತ್ತೇನೆ. 2005–09ರಲ್ಲಿ 24,000 ಡಾಲರ್, ಹೆಚ್ಚು-ಕಡಿಮೆ 2,000. 2015–19ರಲ್ಲಿ 30,000, ಹೆಚ್ಚು-ಕಡಿಮೆ 2,400. ನೋಡಿದರೆ 6,000 ಏರಿಕೆ. ಹಳೆಯದನ್ನು 2019ರ ಬೆಲೆಗೆ ತಂದರೆ ಸುಮಾರು 28,600 ಆಗುತ್ತದೆ. ಅದರ ಹೆಚ್ಚು-ಕಡಿಮೆಯನ್ನೂ ಗುಣಿಸಬೇಕು: ಸುಮಾರು 2,380. ಉಳಿದ ಏರಿಕೆ 1,400. ಈಗ ಎರಡೂ ಮಾರ್ಜಿನ್‌ಗಳ ವರ್ಗ ಕೂಡಿಸಿ, ವರ್ಗಮೂಲ ತೆಗೆಯಿರಿ. ಸುಮಾರು 3,380 ಬರುತ್ತದೆ. 1,400 ಅದಕ್ಕಿಂತ ಚಿಕ್ಕದು. ಅಂದರೆ ಶೇ 90ರ ಭರವಸೆಯಲ್ಲಿ ಏರಿದೆ ಅಂತಲೂ ಹೇಳಲಾಗದು, ಇಳಿದಿದೆ ಅಂತಲೂ ಹೇಳಲಾಗದು. ವರದಿಯಲ್ಲಿ ಹಾಗೇ ಬರೆಯಿರಿ.

ವರ್ಷಕ್ಕೊಂದು ಸಂಖ್ಯೆ ಬೇಕೇ ಬೇಕು ಅಂದರೆ ಬ್ಯೂರೋದ್ದೇ ಎಸ್‌ಎಐಪಿಇ (ಚಿಕ್ಕ ಪ್ರದೇಶಗಳ ಆದಾಯ ಮತ್ತು ಬಡತನದ) ಅಂದಾಜು ಇದೆ. ಸರ್ವೇ ಜೊತೆ ತೆರಿಗೆ ದಾಖಲೆಯನ್ನೂ ಸೇರಿಸಿ ಮಾಡೆಲ್‌ನಿಂದ ತೆಗೆದದ್ದು. ಅಮೆರಿಕದ ಕೇಂದ್ರೀಯ ಬ್ಯಾಂಕಿನ ಸೇಂಟ್ ಲೂಯಿಸ್ ಶಾಖೆ ನಡೆಸುವ ಫ್ರೆಡ್ ಎಂಬ ಅಂಕಿಅಂಶ ತಾಣದಲ್ಲಿ ಸಿಗುವ ಕೌಂಟಿ ಗ್ರಾಫ್ ಇದರದ್ದೇ. ಚೆನ್ನಾಗಿದೆ, ಆದರೆ ಹಣದುಬ್ಬರ ತೆಗೆದಿರುವುದಿಲ್ಲ. ಇದನ್ನೂ ಸರ್ವೇಯನ್ನೂ ಒಂದೇ ಗೆರೆಯಲ್ಲಿ ಹೊಲಿಯಬೇಡಿ. ಮೂಲವನ್ನೇ ಹೇಳದ ರೆಡಿಮೇಡ್ ಡ್ಯಾಶ್‌ಬೋರ್ಡ್‌ಗಳನ್ನಂತೂ ನಾನು ಮುಟ್ಟುವುದಿಲ್ಲ.

ಅಕ್ಕಪಕ್ಕದ ಎರಡು ಕೌಂಟಿ ಸೇರಿಸಬೇಕಾ? ಎರಡು ಮಧ್ಯಾಂಕ ಕೂಡಿ ಎರಡರಿಂದ ಭಾಗಿಸಿದರೆ ಮಧ್ಯಾಂಕ ಬರುವುದಿಲ್ಲ. ಅದೇ ಸರ್ವೇಯ ಇನ್ನೊಂದು ಕೋಷ್ಟಕ ಬಿ19001ರಲ್ಲಿ 16 ಆದಾಯ ಗುಂಪುಗಳಿವೆ. ಮನೆಗಳನ್ನು ಗುಂಪುವಾರು ಕೂಡಿಸಿ, ನಡುವಿನ ಮನೆ ಯಾವ ಗುಂಪಲ್ಲಿ ಬೀಳುತ್ತದೆ ನೋಡಿ.

ಇದನ್ನೇ ಯಾದಗಿರಿಯ ಹಳ್ಳಿಗಳಿಗೆ ಮಾಡೋಣ ಅಂದರೆ ಆಗದು. 2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ ಕೇಳಿದ್ದು ಮನೆಯಲ್ಲಿ ಹೆಚ್ಚು ದುಡಿಯುವವರ ತಿಂಗಳ ಆದಾಯ ಮಾತ್ರ. ಅದೂ ಮೂರೇ ಗುಂಪು: 5,000 ರೂಪಾಯಿಗಿಂತ ಕಡಿಮೆ, 10,000ದವರೆಗೆ, ಅದಕ್ಕಿಂತ ಜಾಸ್ತಿ.

ಕೊನೆಗೆ ಕೌಂಟಿಯ ಕೋಡ್ (ಫೈಲಿನಲ್ಲಿ ಕೌಂಟಿಯನ್ನು ಗುರುತಿಸುವ ಸಂಖ್ಯೆ) ಪರೀಕ್ಷಿಸಿ. ಸೌತ್ ಡಕೋಟದ ಶಾನನ್ ಕೌಂಟಿ 2015ರಲ್ಲಿ ಒಗ್ಲಾಲ ಲಕೋಟ ಆಯಿತು, ಕೋಡ್ 46113 ಹೋಗಿ 46102 ಬಂತು. ಕೋಡ್ ಹಿಡಿದು ಫೈಲು ಜೋಡಿಸಿದರೆ ಆ ಕೌಂಟಿ ನಡುವೆಯೇ ಮಾಯವಾಗುತ್ತದೆ, ಎಕ್ಸೆಲ್ ಒಂದು ಮಾತೂ ಹೇಳುವುದಿಲ್ಲ.