ಹಡಗು ಹತ್ತಿ ಹೋದ ಅಜ್ಜನನ್ನು ಹುಡುಕುವುದು ಹೇಗೆ?

ಮಂಗಳೂರು, ಉಡುಪಿ ಕಡೆ ಹಡಗು ಹತ್ತಿ ಪರದೇಶಕ್ಕೆ ಹೋದವರು ಒಬ್ಬರೂ ಇಲ್ಲದ ಕುಟುಂಬ ಕಡಿಮೆ. ಒಬ್ಬರ ಅಜ್ಜ ಮೊಂಬಾಸಾದಲ್ಲಿ ಗುಮಾಸ್ತರಾಗಿದ್ದರು, ಇನ್ನೊಬ್ಬರ ದೊಡ್ಡಜ್ಜ ರಂಗೂನಿನಲ್ಲಿದ್ದರು, ಮತ್ತೊಬ್ಬರ ಸೋದರಮಾವ ಬಸ್ರಾಕ್ಕೆ ಹೋಗಿದ್ದರು. ಕಥೆ ಇರುತ್ತದೆ, ಕಾಗದ ಇರುವುದಿಲ್ಲ. ಆ ಕಾಗದ ಹುಡುಕುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಆದಷ್ಟು ಬೇಗ ಶುರು ಮಾಡಿ ಎಂದು ಕೈ ಮುಗಿದು ಕೇಳುತ್ತೇನೆ. ಹಡಗಿನ ಪ್ರಯಾಣಿಕರ ಪಟ್ಟಿಗಳು ಇನ್ನು ಹತ್ತು ವರ್ಷ ಬಿಟ್ಟು ನೋಡಿದರೂ ಅಲ್ಲೇ ಇರುತ್ತವೆ, ಆದರೆ ಮನೆಯ ಅಜ್ಜಿ ಹೇಳುವ ವಿವರ ಈಗ ಬರೆದಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೊದಲು ಒಂದು ವಿಷಯ. ಪ್ರಯಾಣಿಕರ ಪಟ್ಟಿ ಹೊರಟ ಊರಿನಲ್ಲಿ ಸಿಗುವುದಕ್ಕಿಂತ ಇಳಿದ ಊರಿನಲ್ಲಿ ಸಿಗುವುದೇ ಜಾಸ್ತಿ. ಯಾರು ಬಂದರು, ಯಾಕೆ ಬಂದರು, ಎಲ್ಲಿ ಉಳಿಯುತ್ತಾರೆ ಎಂದು ತಿಳಿಯಬೇಕಾಗಿದ್ದುದು ಬರಮಾಡಿಕೊಳ್ಳುವ ದೇಶದ ಸರ್ಕಾರಕ್ಕೆ. ಹಾಗಾಗಿ ಹೆಸರು ಬರೆದವರು ಹೆಚ್ಚಾಗಿ ಹಡಗು ಕಂಪನಿಯವರೇ ಆದರೂ ಪಟ್ಟಿ ಕೊಟ್ಟದ್ದು ಇಳಿದ ಬಂದರಿನ ಅಧಿಕಾರಿಗಳಿಗೆ, ಅದು ಉಳಿದದ್ದೂ ಅಲ್ಲೇ. ಮಂಗಳೂರಿನ ಹಳೆ ಬಂದರಿನಿಂದ ಬೊಂಬಾಯಿಗೆ ಹೋಗುತ್ತಿದ್ದ ಕರಾವಳಿ ಸ್ಟೀಮರ್‌ಗಳ ಪಟ್ಟಿ ಹುಡುಕಲು ಸುಮ್ನೆ ಸಮಯ ಹಾಕಬೇಡಿ. ಅದು ದೇಶದೊಳಗಿನ ಪ್ರಯಾಣ, ಅಲ್ಲಿ ವಲಸೆ ಅಧಿಕಾರಿಗೆ ಹೆಸರಿನ ಪಟ್ಟಿ ಕೊಡುವ ಪ್ರಶ್ನೆಯೇ ಇರಲಿಲ್ಲ. ಅಜ್ಜ ಎಲ್ಲಿ ಇಳಿದರು ಎನ್ನುವುದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಅದು ಗೊತ್ತಾಗುವುದು ಮನೆಯಲ್ಲೇ. ಅಟ್ಟದ ಮೇಲಿನ ಟ್ರಂಕು ಇಳಿಸಿ. ಹಳೆ ಪಾಸ್‌ಪೋರ್ಟ್, ಹಡಗಿನ ಕೆಲಸದವರಾದರೆ ಆ ಕೆಲಸದ ವಿವರ ಬರೆದ ಡಿಸ್ಚಾರ್ಜ್ ಪುಸ್ತಕ, ಮನಿ ಆರ್ಡರ್ ಚೀಟಿ, ಸ್ಟುಡಿಯೋದ ಹೆಸರು ಅಚ್ಚಾಗಿರುವ ಫೋಟೋ, ಸ್ಟಾಂಪು ಕಿತ್ತಿದ್ದರೂ ಮುದ್ರೆ ಉಳಿದಿರುವ ಲಕೋಟೆ, ಎಲ್ಲದರ ಎರಡೂ ಬದಿಯ ಫೋಟೋ ತೆಗೆದಿಡಿ. ಹಿರಿಯರ ಹತ್ತಿರ ಯಾವ ಇಸವಿ ಎಂದು ಕೇಳಿದರೆ ಉತ್ತರ ಬರುವುದಿಲ್ಲ. 1923ರ ದೊಡ್ಡ ನೆರೆಗೆ ಮುಂಚೆ ಹೋದರಾ ನಂತರವಾ, ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲೇ ಇದ್ದರಾ, ದೊಡ್ಡಮ್ಮನ ಮದುವೆಗೆ ಬಂದಿದ್ದರಾ ಎಂದು ಕೇಳಿ. ರೈಲಿನಲ್ಲಿ ಮದ್ರಾಸಿಗೆ ಹೋಗಿ ಹಡಗು ಹತ್ತಿದರು ಎಂದು ಹೇಳಿದರೆ ಅದು 1907ರ ನಂತರದ ಮಾತು, ಮಂಗಳೂರಿಗೆ ರೈಲು ಬಂದದ್ದೇ ಆಗ.

ಹಡಗಿನ ಹೆಸರು ನೆನಪಿದ್ದರೆ ಅದನ್ನೂ ಬರೆದುಕೊಳ್ಳಿ, ಕಾಲ ಗೊತ್ತು ಮಾಡಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಬ್ರಿಟಿಷ್ ಇಂಡಿಯಾ ಕಂಪನಿಯ ತಿಲಾವಾ ಹಡಗು ಬೊಂಬಾಯಿಯಿಂದ ಆಫ್ರಿಕಕ್ಕೆ ಹೋಗುವಾಗ 1942ರ ನವೆಂಬರ್ 23ರಂದು ಜಪಾನಿ ಜಲಾಂತರ್ಗಾಮಿಯ ಏಟಿಗೆ ಮುಳುಗಿತು. ಹಾಗಾಗಿ ಅಜ್ಜ ತಿಲಾವಾದಲ್ಲಿ ಹೋಗಿದ್ದರೆ ಅದಕ್ಕೆ ಮುಂಚೆಯೇ ಹೋಗಿರಬೇಕು. ಕರಂಜಾ ಎಂಬ ಹೆಸರಿನವು ಎರಡಿದ್ದವು. ಮೊದಲನೆಯದು 1942ರಲ್ಲಿ ಯುದ್ಧದಲ್ಲಿ ಹೋಯಿತು, ಎರಡನೆಯದು ಯುದ್ಧ ಮುಗಿದ ಮೇಲೆ ಕಟ್ಟಿದ್ದು. ಗಲ್ಫ್ ಕಡೆಯ ದಾರಾ 1961ರ ಏಪ್ರಿಲ್‌ನಲ್ಲಿ ದುಬೈ ಹತ್ತಿರ ಸ್ಫೋಟವಾಗಿ ಮುಳುಗಿತು, ದ್ವಾರಕಾ 1982ರವರೆಗೂ ಓಡಿತು.

ಇನ್ನು ಹೆಸರು. ನಿಜವಾದ ಕಷ್ಟ ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಪಟ್ಟಿ ಬರೆದವನಿಗೆ ನಮ್ಮ ಹೆಸರು ಗೊತ್ತಿಲ್ಲ, ಕಿವಿಗೆ ಬಿದ್ದದ್ದನ್ನು ಬರೆದ. ಎಷ್ಟೋ ವರ್ಷದ ನಂತರ ಆ ಕೈಬರಹ ನೋಡಿ ಸೂಚಿ ಮಾಡಿದವನಿಗೂ ಗೊತ್ತಿಲ್ಲ. ಲೋಬೋ ಎಂಬುದರ ಮೊದಲ ಅಕ್ಷರ ಅವನಿಗೆ ಎಸ್ ಆಗಿ ಕಂಡಿರಬಹುದು, ಶೆಟ್ಟಿಯ ಎರಡು ಟಿ ಎರಡು ಎಫ್ ಆಗಿರಬಹುದು. ರಾವ್ ಎಂಬುದನ್ನು ಹಿಂದೆ ಆರ್-ಓ-ಡಬ್ಲ್ಯೂ ಎಂದು ಬರೆಯುತ್ತಿದ್ದದ್ದೂ ಉಂಟು. ಊರಿನ ಹೆಸರೂ ಹೀಗೆಯೇ. ಉಡುಪಿಯನ್ನು ಉಡಿಪಿ ಎಂದೂ ಕುಂದಾಪುರವನ್ನು ಕೂಂಡಾಪೂರ್ ಎಂದೂ ಹುಡುಕಿ. ಎಷ್ಟೋ ಜನ ತಾಲೂಕು, ಹಳ್ಳಿ ಹೇಳದೆ ಬರೀ ಮಂಗಳೂರು ಎಂದಿರುತ್ತಾರೆ. ಬ್ರಹ್ಮಾವರದ ಅಜ್ಜನ ಮುಂದೆ ಮಂಗಳೂರು ಎಂದಿದೆ, ಹಾಗಾಗಿ ಇವರು ನಮ್ಮವರಲ್ಲ ಎಂದು ಬಿಟ್ಟುಬಿಡಬೇಡಿ. ಉಡುಪಿ ಜಿಲ್ಲೆ ಆದದ್ದೇ 1997ರಲ್ಲಿ, ಹಳೆ ಕಾಗದಗಳಲ್ಲಿ ಇರುವುದು ಸೌತ್ ಕೆನರಾ ಮಾತ್ರ.

ಬಂಟರು, ಬಿಲ್ಲವರು, ಮೊಗವೀರರ ಮನೆಗಳಲ್ಲಿ ಇನ್ನೊಂದು ವಿಷಯ ಗಮನಿಸಿ. ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಕುಟುಂಬದಲ್ಲಿ ಹತ್ತಿರದ ಸಂಬಂಧಿಕ ಯಾರು ಎಂದು ಪಟ್ಟಿ ಬರೆಯುವವನು ಕೇಳಿದರೆ ಅಪ್ಪನ ಬದಲು ಸೋದರಮಾವನ ಹೆಸರು ಹೇಳಿರಬಹುದು, ಅಡ್ಡಹೆಸರಿನ ಜಾಗದಲ್ಲಿ ಗುತ್ತಿನ ಮನೆಯ ಹೆಸರೋ ಊರಿನ ಹೆಸರೋ ಇರಬಹುದು. ಹುಡುಕುವ ಮುಂಚೆ ತರವಾಡು ಮನೆಯ ಹೆಸರು, ಅಜ್ಜನ ಮಾವಂದಿರ ಹೆಸರು ಎಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಅಮೆರಿಕದ ಬಂದರುಗಳ ಸೂಚಿಯಲ್ಲಿ ಈ ಕಾಗುಣಿತದ ತೊಂದರೆಗೆ ಒಂದು ಉಪಾಯ ಮಾಡಿದ್ದಾರೆ, ಅದಕ್ಕೆ ಸೌಂಡೆಕ್ಸ್ ಎಂದು ಹೆಸರು. 1902ರ ನಂತರದ ನ್ಯೂಯಾರ್ಕ್ ಪಟ್ಟಿಗಳ ಮೈಕ್ರೋಫಿಲ್ಮ್ (ಪುಟಗಳನ್ನು ಚಿಕ್ಕದಾಗಿ ಫೋಟೋ ತೆಗೆದ ಫಿಲ್ಮ್ ಸುರುಳಿ) ಸೂಚಿ ಬಹುಪಾಲು ಹೀಗೆಯೇ ಜೋಡಿಸಿದ್ದು. ಅಡ್ಡಹೆಸರಿನ ಮೊದಲ ಇಂಗ್ಲಿಷ್ ಅಕ್ಷರವನ್ನು ಹಾಗೇ ಇಟ್ಟು ಉಳಿದದ್ದಕ್ಕೆ ಮೂರು ಅಂಕಿ ಕೊಡುತ್ತಾರೆ. ಬಿ, ಎಫ್, ಪಿ, ವಿ ಬಂದರೆ 1. ಸಿ, ಜಿ, ಜೆ, ಕೆ, ಕ್ಯೂ, ಎಸ್, ಎಕ್ಸ್, ಝಡ್ ಬಂದರೆ 2. ಡಿ, ಟಿ ಬಂದರೆ 3, ಎಲ್ ಬಂದರೆ 4, ಎಂ, ಎನ್ ಬಂದರೆ 5, ಆರ್ ಬಂದರೆ 6. ಸ್ವರಗಳು, ಎಚ್, ಡಬ್ಲ್ಯೂ, ವೈ ಲೆಕ್ಕಕ್ಕಿಲ್ಲ. ಒಂದೇ ಅಂಕಿಯ ಅಕ್ಷರಗಳು ಒತ್ತಾಗಿ ಬಂದರೆ ಒಂದೇ ಸಲ ಎಣಿಸಿ, ಸಾಲದಿದ್ದರೆ ಕೊನೆಗೆ ಸೊನ್ನೆ ಹಾಕಿ. ಈಗ ಹೆಗ್ಡೆ ತೆಗೆದುಕೊಳ್ಳಿ. ಎಚ್ ಇಟ್ಟು ಜಿಗೆ 2, ಡಿಗೆ 3, ಕೊನೆಗೆ ಸೊನ್ನೆ, ಒಟ್ಟು ಎಚ್ 230. ಹೆಗ್ಗಡೆ ಎಂದು ಬರೆದಿದ್ದರೂ ಅದೇ ಎಚ್ 230. ಶೆಟ್ಟಿ, ಸೆಟ್ಟಿ ಎರಡೂ ಎಸ್ 300. ಭಟ್ ಎಂಬುದನ್ನು ಹೇಗೆ ಬರೆದಿದ್ದರೂ ಬಿ 300. ಶೆಣೈ, ಶೆನಾಯ್ ಎರಡೂ ಎಸ್ 500.

ಆದರೆ ಮೊದಲ ಅಕ್ಷರವೇ ಬದಲಾದರೆ ಈ ಉಪಾಯ ನಡೆಯುವುದಿಲ್ಲ. ಕಾಮತ್ ಎಂಬುದನ್ನು ಕೆ ಹಾಕಿ ಬರೆದರೆ ಕೆ 530, ಸಿ ಹಾಕಿ ಬರೆದರೆ ಸಿ 530, ಎರಡು ಬೇರೆ ಬೇರೆ ಜಾಗ. ಡಿಸೋಜರನ್ನು ಹುಡುಕುವವರು ಇನ್ನೂ ಎಚ್ಚರವಾಗಿರಬೇಕು. ಡಿ ಸೇರಿಸಿದರೆ ಡಿ 220, ಡಿ ಬಿಟ್ಟು ಬರೀ ಸೋಜಾ ಎಂದು ತೆಗೆದುಕೊಂಡರೆ ಎಸ್ 200. ಎರಡೂ ಕಡೆ ನೋಡಲೇಬೇಕು. ಡಿಸಿಲ್ವ, ಡಿಕುನ್ಹಾ, ಡಿಅಲ್ಮೇಡಾ ಮನೆಯವರಿಗೂ ಇದೇ ಮಾತು.

ಕಂಪ್ಯೂಟರ್‌ನಲ್ಲಿ ಹುಡುಕುವಾಗ ಗೊತ್ತಿಲ್ಲದ ಅಕ್ಷರಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ, ಒಂದೇ ಅಕ್ಷರದ ಬದಲು ಪ್ರಶ್ನೆ ಚಿಹ್ನೆ ಹಾಕಬಹುದು. ಅದೂ ಆಗದಿದ್ದರೆ ಹೆಸರನ್ನೇ ಬಿಟ್ಟು ಹುಟ್ಟಿದ ಊರು, ಹಡಗು, ಇಸವಿ ಮಾತ್ರ ಕೊಟ್ಟು ನೋಡಿ. ನನ್ನ ಮಟ್ಟಿಗೆ ಹೆಸರಿಗಿಂತ ಇದೇ ಹೆಚ್ಚು ಫಲ ಕೊಡುವ ದಾರಿ, ಯಾಕೆಂದರೆ ಮಂಗಳೂರು ಎಂಬ ಊರನ್ನು ಕೆಡಿಸಿ ಬರೆಯುವುದು ಮಸ್ಕರೇನ್ಹಸ್ ಎಂಬ ಹೆಸರನ್ನು ಕೆಡಿಸುವಷ್ಟು ಸುಲಭ ಅಲ್ಲ, ಅಲ್ವಾ?

ಸೂಚಿಯಲ್ಲಿ ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಬೇಡಿ, ಮೂಲ ಪುಟದ ಚಿತ್ರ ತೆರೆಯಿರಿ. ಅಮೆರಿಕದ ಪಟ್ಟಿಗಳು 1907ರ ಸುಮಾರಿನಿಂದ ಎರಡು ಪುಟಕ್ಕೆ ಹರಡಿಕೊಂಡಿವೆ. ಎಡಪುಟದಲ್ಲಿ ಹೆಸರು, ವಯಸ್ಸು, ಕೆಲಸ, ಓದು ಬರಹ ಬರುತ್ತದಾ ಇಲ್ಲವಾ, ಊರಿನಲ್ಲಿರುವ ಹತ್ತಿರದ ಸಂಬಂಧಿಕರ ಹೆಸರು ವಿಳಾಸ. ಬಲಪುಟದಲ್ಲಿ ಯಾರ ಹತ್ತಿರ ಹೋಗುತ್ತಿದ್ದಾರೆ, ಟಿಕೆಟ್ ದುಡ್ಡು ಯಾರು ಕೊಟ್ಟರು, ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಗುರುತು, ಹುಟ್ಟಿದ ಊರು. ತುಂಬಾ ಸಲ ಬಲಪುಟ ಮುಂದಿನ ಚಿತ್ರದಲ್ಲಿ ಇರುತ್ತದೆ, ಸಾಲಿನ ಸಂಖ್ಯೆ ಹಿಡಿದು ಅಲ್ಲಿಗೆ ಹೋಗಿ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದ ಪ್ರತಿಷ್ಠಾನದ ಜಾಲತಾಣದಲ್ಲಿ ಇವನ್ನು ಉಚಿತವಾಗಿ ನೋಡಬಹುದು. ಒಂದು ಮಾತು, 1917ರ ಕಾನೂನು ಭಾರತೀಯರಿಗೆ ಅಮೆರಿಕದ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು. 1946ರಲ್ಲಿ ತೆರೆದಾಗಲೂ ಕೊಟ್ಟದ್ದು ವರ್ಷಕ್ಕೆ 100 ಜನರ ಲೆಕ್ಕ. ಹಾಗಾಗಿ ಆ ನಡುವಿನ ಪಟ್ಟಿಗಳಲ್ಲಿ ವಿದ್ಯಾರ್ಥಿಗಳು, ಪಾದ್ರಿಗಳು ಎಂದು ಹುಡುಕುವುದು ಒಳ್ಳೆಯದು.

ಹಡಗಿನ ಕೆಲಸಗಾರರು ಪ್ರಯಾಣಿಕರ ಪಟ್ಟಿಯಲ್ಲಿ ಇರುವುದಿಲ್ಲ. ನಮ್ಮ ಕಡೆಯವರು ಎಷ್ಟೋ ಜನ ಬೊಂಬಾಯಿಗೆ ಹೋಗಿ ಹಡಗಿನಲ್ಲಿ ಅಡುಗೆ, ಬಟ್ಲರ್, ಎಂಜಿನ್ ಕೋಣೆಯ ಕೆಲಸಕ್ಕೆ ಸೇರಿದವರು. ಅವರನ್ನು ಸಿಬ್ಬಂದಿ ಪಟ್ಟಿಯಲ್ಲಿ ನೋಡಬೇಕು. ನ್ಯೂಯಾರ್ಕಿನ ಫಿಲ್ಮ್‌ಗಳಲ್ಲಿ ಪ್ರಯಾಣಿಕರ ಹಾಳೆಗಳ ಜೊತೆಗೇ ಸಿಬ್ಬಂದಿಯ ಹಾಳೆಗಳೂ ಇವೆ. ಬ್ರಿಟನ್ನಿನ 1915ರ ಸಿಬ್ಬಂದಿ ಪಟ್ಟಿಗಳನ್ನು ಅಲ್ಲಿನ ರಾಷ್ಟ್ರೀಯ ದಾಖಲೆಸಂಗ್ರಹ ಮತ್ತು ಗ್ರೀನಿಚ್‌ನ ನೌಕಾ ಸಂಗ್ರಹಾಲಯ ಸೇರಿ ಉಚಿತವಾಗಿ ಹಾಕಿವೆ.

ಲಂಡನ್ನಿಗೆ ಓದಲು, ವ್ಯಾಪಾರಕ್ಕೆ ಹೋದವರ ವಿಷಯ ಸುಲಭ. ಯುರೋಪಿನ ಹೊರಗಿನಿಂದ ಬ್ರಿಟನ್ನಿಗೆ ಬಂದವರ ಪಟ್ಟಿ ಅಲ್ಲಿನ ರಾಷ್ಟ್ರೀಯ ದಾಖಲೆಸಂಗ್ರಹದ ಬಿಟಿ 26 ಎಂಬ ಸರಣಿಯಲ್ಲಿ 1878ರಿಂದ 1960ರವರೆಗೆ, ಅಲ್ಲಿಂದ ಹೊರಟವರದು ಬಿಟಿ 27ರಲ್ಲಿ 1890ರಿಂದ 1960ರವರೆಗೆ. ಮೊದಲನೆಯದು ಆನ್ಸೆಸ್ಟ್ರಿ ಎಂಬ ಜಾಲತಾಣದಲ್ಲಿ, ಎರಡನೆಯದು ಅಂಥದ್ದೇ ಇನ್ನೊಂದು ತಾಣ ಫೈಂಡ್‌ಮೈಪಾಸ್ಟ್‌ನಲ್ಲಿ ಸಿಗುತ್ತದೆ, ಎರಡಕ್ಕೂ ದುಡ್ಡು ಕೊಡಬೇಕು. ಅಮೆರಿಕಕ್ಕೆ ಹೋದವರೂ ಬ್ರಿಟನ್ನಿನಲ್ಲಿ ಹಡಗು ಬದಲಿಸಿದ್ದರೆ ಇವೆರಡರಲ್ಲೂ ಇರಬಹುದು.

ಪೂರ್ವ ಆಫ್ರಿಕ ಮತ್ತು ಗಲ್ಫ್‌ಗೆ ಹೋದವರ ಹಡಗು ಬ್ರಿಟನ್ನನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಬಿಟಿ ಸರಣಿಯಲ್ಲಿ ಆ ಪ್ರಯಾಣ ಸಿಗುವುದಿಲ್ಲ. ಅಲ್ಲಿ ನೆಲೆಸಿದ ಮೇಲಿನ ಕಾಗದ ಹಿಡಿಯಬೇಕು. ಕೆನ್ಯಾ ಗೆಜೆಟ್‌ನ ಹಳೆ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಓದಲು ಸಿಗುತ್ತವೆ. ಸರ್ಕಾರಿ ನೇಮಕ, ಸತ್ತವರ ಆಸ್ತಿಯ ನೋಟೀಸು ಎಲ್ಲ ಅದರಲ್ಲಿವೆ.

ಕೂಲಿ ಕರಾರಿನ ಮೇಲೆ ಹೋದವರ ದಾಖಲೆ ಮಾತ್ರ ಅಚ್ಚರಿ ಹುಟ್ಟಿಸುವಷ್ಟು ವಿವರವಾಗಿದೆ. 1860ರಿಂದ 1911ರವರೆಗೆ ದಕ್ಷಿಣ ಆಫ್ರಿಕದ ನೇಟಾಲಿಗೆ ಹೋದ 1,52,184 ಜನರ ಹಡಗು ಪಟ್ಟಿಗಳಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಹಳ್ಳಿ, ಮೈಮೇಲಿನ ಗುರುತಿಗೂ ಅಂಕಣ ಇದೆ. ಫಿಜಿಗೆ 1879ರಿಂದ 1916ರವರೆಗೆ 60,965 ಜನ ಹೋದರು, 1903ರಿಂದ ಮದ್ರಾಸಿನಿಂದಲೂ ಹಡಗು ಹೊರಟಿತು, ಅವರ ವಲಸೆ ಪಾಸುಗಳು ಫಿಜಿಯ ರಾಜಧಾನಿ ಸುವಾದಲ್ಲಿವೆ. ಮಾರಿಷಸ್‌ನ ದಾಖಲೆ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿದೆ. ಮದ್ರಾಸಿನಿಂದ ಹೊರಟ ಹಡಗಾದರೆ ಜಿಲ್ಲೆಯ ಅಂಕಣದಲ್ಲಿ ಕೆನರಾ ಎಂದಿದೆಯಾ ಎಂದು ಒಂದೊಂದೇ ಸಾಲು ನೋಡುತ್ತಾ ಹೋಗಿ.

ಮೈಕ್ರೋಫಿಲ್ಮ್ ಎಂದರೆ ಹೆದರಬೇಡಿ. ಅಮೆರಿಕದ ಯೂಟಾದಲ್ಲಿರುವ ಫ್ಯಾಮಿಲಿಸರ್ಚ್ ಸಂಸ್ಥೆ ತನ್ನ ಸುಮಾರು 24 ಲಕ್ಷ ಸುರುಳಿಗಳನ್ನು 2021ರ ಹೊತ್ತಿಗೆ ಡಿಜಿಟಲ್ ಮಾಡಿ ಮುಗಿಸಿತು. ಖಾತೆ ಉಚಿತ. ಹೆಸರು ಹಾಕುವ ಪೆಟ್ಟಿಗೆಯಲ್ಲಿ ಏನೂ ಬರದಿದ್ದರೆ ದಾಖಲೆಯೇ ಇಲ್ಲ ಎಂದುಕೊಳ್ಳಬೇಡಿ, ಸೂಚಿ ಮಾಡದ ಫಿಲ್ಮ್‌ಗಳು ರಾಶಿ ಇವೆ. ಕ್ಯಾಟಲಾಗ್‌ಗೆ ಹೋಗಿ ಇಳಿದ ಬಂದರಿನ ಹೆಸರು ಕೊಟ್ಟು, ವಲಸೆ ವಿಭಾಗ ತೆರೆದು, ತಾರೀಖು ನೋಡಿ ಫಿಲ್ಮ್ ಆರಿಸಿ. ಕ್ಯಾಮೆರಾ ಗುರುತಿದ್ದರೆ ಮನೆಯಲ್ಲೇ ನೋಡಬಹುದು, ಅದರ ಮೇಲೆ ಬೀಗದಕೈ ಇದ್ದರೆ ಅವರ ಕೇಂದ್ರಕ್ಕೇ ಹೋಗಬೇಕು. ಮೊದಲು ನಡುವಿನ ಒಂದು ಚಿತ್ರ ತೆರೆದು ತಾರೀಖು ನೋಡಿ, ಹಿಂದೆ ಹೋಗಬೇಕಾ ಮುಂದೆ ಹೋಗಬೇಕಾ ಎಂದು ಗೊತ್ತಾಗುತ್ತದೆ. ನೋಡಿದ ಫಿಲ್ಮ್ ನಂಬರು, ಚಿತ್ರದ ನಂಬರು ಬರೆದಿಡಿ, ಏನೂ ಸಿಗದ ಫಿಲ್ಮ್‌ನದ್ದು ಕೂಡ.

ಈ ಕಡೆಯ ಸರ್ಕಾರಿ ಕಾಗದ ಬೇಕಾದರೆ ಬೆಂಗಳೂರಿಗಿಂತ ಮೊದಲು ಚೆನ್ನೈ ನೋಡಿ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಆ ಕಾಲದ ಆಡಳಿತದ ಕಡತಗಳು ಎಗ್ಮೋರಿನ ತಮಿಳುನಾಡು ದಾಖಲೆಸಂಗ್ರಹದಲ್ಲಿವೆ. ದಿಲ್ಲಿಯ ರಾಷ್ಟ್ರೀಯ ದಾಖಲೆಸಂಗ್ರಹದ ಅಭಿಲೇಖ್ ಪಟಲ್ ತಾಣದಲ್ಲಿ ವಲಸೆ ಶಾಖೆಯ ಕಡತಗಳನ್ನು ಮನೆಯಿಂದಲೇ ಹುಡುಕಬಹುದು. ಕ್ರೈಸ್ತರಾದರೆ ಇಗರ್ಜಿಯ ಬ್ಯಾಪ್ತಿಸ್ಮ ಪುಸ್ತಕದಿಂದ ವಯಸ್ಸು ತಾಳೆ ನೋಡಿ, ಬಾಸೆಲ್ ಮಿಶನ್ ಸಭೆಯವರಾದರೆ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ವಿಚಾರಿಸಿ. ಪತ್ರ ಬರೆಯುವಾಗ ಅಜ್ಜನ ಹೆಸರಿನ ಎಲ್ಲ ಇಂಗ್ಲಿಷ್ ಕಾಗುಣಿತ, ಹಳೆ ತಾಲೂಕಿನ ಹೆಸರು, ಐದು ವರ್ಷ ಆಚೀಚೆಯ ಅವಧಿ, ಇಷ್ಟನ್ನೂ ಮೊದಲ ಪತ್ರದಲ್ಲೇ ಕೊಟ್ಟುಬಿಡಿ.