ಕಾಲೇಜು ಕ್ರೀಡೆಗೆ ಐವತ್ತು: ಮೊದಲು ರಿಜಿಸ್ಟರ್, ಆಮೇಲೆ ವೇದಿಕೆ

ಕಾಲೇಜು ಕ್ರೀಡಾಕೂಟದ ಐವತ್ತರ ಸಮಾರಂಭ ಮಾಡುವುದಾದರೆ ಶುರುವಿನಲ್ಲೇ ವರ್ಷದ ಲೆಕ್ಕ ಸರಿಮಾಡಿಕೊಳ್ಳಿ. ಮೊದಲ ಕ್ರೀಡಾಕೂಟ 1975ರಲ್ಲಿ ನಡೆದು, ನಡುವೆ ಒಂದು ವರ್ಷವೂ ತಪ್ಪದಿದ್ದರೆ 50ನೇ ಕೂಟ ಬರುವುದು 2024ಕ್ಕೆ; 50 ವರ್ಷ ತುಂಬುವುದು 2025ಕ್ಕೆ. ಕೊರೊನಾ ಕಾಲದಲ್ಲಿ ಕೂಟ ನಿಂತಿದ್ದರೆ 50ನೇ ಕೂಟ ಇನ್ನೂ ಮುಂದೆ ಹೋಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿ, ಬ್ಯಾನರಿಗೂ ಪದಕಕ್ಕೂ ಅದನ್ನೇ ಬರೆಸಿ. ಅಚ್ಚಾದ ಪದಕ ತಿದ್ದಲು ಬರುವುದಿಲ್ಲ.

ಹಳೆಯ ಆಟಗಾರರ ಹೆಸರಿನ ಪಟ್ಟಿಗೆ ಒಂದು ವರ್ಷ ಮೊದಲೇ ಕೈಹಾಕಿ. ವೇದಿಕೆ, ಊಟ ಎಲ್ಲ ಎರಡು ತಿಂಗಳಲ್ಲಿ ಆಗುತ್ತವೆ, ಪಟ್ಟಿ ಆಗುವುದಿಲ್ಲ. ವಾರ್ಷಿಕ ಸಂಚಿಕೆ, ಪ್ರಮಾಣಪತ್ರದ ಕೌಂಟರ್‌ಫಾಯಿಲ್, ಸ್ಕೋರ್‌ಶೀಟ್, ಗೋಡೆಯ ಗುಂಪು ಫೋಟೊ: ಇವುಗಳಲ್ಲಿ ಎರಡು ಕಡೆ ಹೊಂದಿದರೆ ಮಾತ್ರ ಹೆಸರು ಖಾತ್ರಿ. ಬಿಟ್ಟುಹೋಗುವವರು ಹೆಚ್ಚಾಗಿ ತಂಡದ ಮೀಸಲು ಆಟಗಾರರು. ಮದುವೆಯ ನಂತರ ಹೆಸರು ಬದಲಾದ ಆಟಗಾರ್ತಿಯರಿಗೆ ಅಂದಿನ ಹೆಸರು, ಇಂದಿನ ಹೆಸರು ಎರಡನ್ನೂ ಹಾಕಿ. ಇಲ್ಲದಿದ್ದರೆ ಒಬ್ಬರೇ ಇಬ್ಬರಾಗುತ್ತಾರೆ. ಫೋಟೊವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮಾಡಿ, ಹೆಸರುಗಳು ಅಲ್ಲೇ ಇರುತ್ತವೆ. ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಬೇಡಿ, ಮುಖದ ಪದರವೇ ಗಾಜಿಗೆ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಜಗಳ ಹುಟ್ಟುವುದು ದಾಖಲೆ ಫಲಕದಲ್ಲಿ. 100 ಗಜ ಎಂದರೆ 91.44 ಮೀಟರ್, ಅದನ್ನು 100 ಮೀಟರ್ ಸಾಲಿಗೆ ಸೇರಿಸುವಂತಿಲ್ಲ. ಸ್ಟಾಪ್‌ವಾಚ್ ಹಿಡಿದವರು ಪಿಸ್ತೂಲಿನ ಹೊಗೆ ಕಂಡಮೇಲೆ ಗುಂಡಿ ಒತ್ತುತ್ತಾರೆ, ಹಾಗಾಗಿ ಸ್ಟಾಪ್‌ವಾಚ್ ಸಮಯ ಸಾಮಾನ್ಯವಾಗಿ ತುಸು ಕಡಿಮೆಯೇ. ಎಲೆಕ್ಟ್ರಾನಿಕ್ ಸಮಯದ ಜತೆ ಹೋಲಿಸಲು 100 ಮತ್ತು 200 ಮೀಟರಿಗೆ 0.24 ಸೆಕೆಂಡ್, 400ಕ್ಕೆ 0.14 ಕೂಡಿಸುವುದು ರೂಢಿ. ಅಂದರೆ ಅಂದಿನ 10.8 ಇಂದಿನ 11.04. ಆದರೆ ಫಲಕದಲ್ಲಿ ಪರಿವರ್ತಿಸಿದ ಅಂಕಿ ಬರೆಯಬೇಡಿ; ಮೂಲ ಸಮಯವನ್ನೇ ಬರೆದು ಪಕ್ಕದಲ್ಲಿ ‘ಸ್ಟಾಪ್‌ವಾಚ್’ ಎಂದು ಗುರುತಿಸಿ. ಜಾವೆಲಿನ್‌ಗೆ ಎರಡು ಸಾಲು ಬೇಕು: ಪುರುಷರ ಜಾವೆಲಿನ್‌ನ ವಿನ್ಯಾಸ 1986ರಲ್ಲಿ, ಮಹಿಳೆಯರದು 1999ರಲ್ಲಿ ಬದಲಾಯಿತು. ಪುರುಷರ ಹಳೆಯ ಜಾವೆಲಿನ್ ಹೆಚ್ಚು ದೂರ ತೇಲುತ್ತಿತ್ತು. 200 ಮೀಟರ್‌ವರೆಗಿನ ಓಟ, ಉದ್ದಜಿಗಿತಗಳಲ್ಲಿ ಬೆನ್ನಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದ್ದರೆ ಅದು ದಾಖಲೆಯಾಗದು. ಗಾಳಿಯ ಅಳತೆಯೇ ಇಲ್ಲದ ಹಳೆಯ ಸಾಧನೆಗಳನ್ನು ಕೈಬಿಡುವುದು ಅನ್ಯಾಯ. ನಕ್ಷತ್ರ ಗುರುತು ಹಾಕಿದರೆ ಸಾಕು.

ಬೆಳ್ಳಿ ಲೇಪದ ಪಾರಿತೋಷಕಗಳನ್ನು ಹೊಳೆಯುವ ತನಕ ಉಜ್ಜಬೇಡಿ. ಲೇಪ ತೆಳುವಾಗಿ ಕೆಳಗಿನ ಹಿತ್ತಾಳೆ ಕಾಣುತ್ತದೆ, ಕೆತ್ತಿದ ಹೆಸರೂ ಮಾಸುತ್ತದೆ.

ಹಿರಿಯ ವಿದ್ಯಾರ್ಥಿಗಳ ಓಟ ಇಡುವುದಾದರೆ ರಿಲೇ ಇಡಿ, ದಶಕಕ್ಕೊಬ್ಬರಂತೆ. ತಲಾ 50 ಮೀಟರ್ ಸಾಕು. ಇಪ್ಪತ್ತು ವರ್ಷ ಓಡದವರು ಪಿಸ್ತೂಲು ಸದ್ದಿಗೆ ಹಳೆಯ ವೇಗದಲ್ಲೇ ಚಿಮ್ಮುತ್ತಾರೆ. ಮೀನಖಂಡವೋ ಹಿಮ್ಮಡಿಯ ಸ್ನಾಯುರಜ್ಜುವೋ ಹರಿಯುವುದು ಆಗಲೇ. ಕುಳಿತ ಸ್ಟಾರ್ಟ್ ಬೇಡ, ಸ್ಪೈಕ್ (ಮೊಳೆ ಇರುವ ಬೂಟು) ಬೇಡ. 20 ನಿಮಿಷ ಮೈ ಬೆಚ್ಚಗೆ ಮಾಡಿಕೊಳ್ಳದವರಿಗೆ ಬೇಟನ್ ಕೊಡಬೇಡಿ. ಅಂಚಿನಲ್ಲಿ ಐಸ್, ಸ್ಟ್ರೆಚರ್ ಇರಲಿ. ಭಾಷಣಗಳು ಓಟದ ನಂತರ ಇರಲಿ. ಮೊದಲೇ ಇಟ್ಟರೆ ಬೆಚ್ಚಗಾದ ಮೈ ಕುರ್ಚಿಯಲ್ಲೇ ತಣ್ಣಗಾಗುತ್ತದೆ.

ಫಲಕದ ಕರಡನ್ನು ಆರು ವಾರ ಮೊದಲೇ ಪ್ರತಿ ದಶಕದ ಇಬ್ಬರಿಗೆ ಕಳುಹಿಸಿ. ಅಷ್ಟಾದರೂ ಸಮಾರಂಭದ ದಿನ ಯಾರಾದರೊಬ್ಬರು ಹಳೆಯ ಪ್ರಮಾಣಪತ್ರ ಹಿಡಿದು ಬಂದೇ ಬರುತ್ತಾರೆ. ಅದಕ್ಕೇ ಇಡೀ ಫಲಕವನ್ನು ಒಂದೇ ಹಾಳೆಯಾಗಿ ಕೆತ್ತಿಸದೆ, ಹೆಸರಿಗೊಂದು ಚಿಕ್ಕ ಬಿಡಿ ಫಲಕ ಮಾಡಿಸಿ ಸ್ಕ್ರೂನಿಂದ ಕೂರಿಸಿ, ಕೆಳಗೆ ಹತ್ತು ಸಾಲು ಖಾಲಿ ಬಿಡಿ.